ಬರಿಗೈಲಿ ಹೋಗಬಾರದು

ಕುದುರೆ ಕಚ್ಚಿದ ಗುರುತನ್ನು ಕೃಪಾ ಯಾರಿಗೂ ತೋರಿಸುವ ಹಾಗಿರಲಿಲ್ಲ. ಕಚ್ಚಿದ ಜಾಗ ಅಂಥದ್ದು. ಬಚ್ಚಲುಮನೆಯ ಕನ್ನಡಿಗೆ ಬೆನ್ನು ಮಾಡಿ ನಿಂತು, ಕತ್ತು ತಿರುಚಿ ನೋಡಿಕೊಂಡಳು. ಸೊಂಟದ ಕೆಳಗೆ ಬದನೆಕಾಯಿ ಬಣ್ಣದ ಎರಡು ಸಾಲು ಹಲ್ಲು. ಥೂ, ಯಾವ ಜನ್ಮದ ಕರ್ಮವೋ ಅಂದುಕೊಂಡಳು. ವಾರದಲ್ಲಿ ಐದು ದಿನ ಏಜ್ಡ್ ಕೇರ್‌ನಲ್ಲಿ ಮುದುಕರ ಬಟ್ಟೆ ಬದಲಿಸುವುದು, ಆರನೆಯ ದಿನ ಕುದುರೆಯ ಲದ್ದಿ ಎತ್ತುವುದು. ಎಷ್ಟು ಸೋಪು ಹಾಕಿ ತಿಕ್ಕಿದರೂ ಎರಡರಲ್ಲಿ ಒಂದು ವಾಸನೆ ಕೈಯಲ್ಲಿ ಉಳಿದೇ ಉಳಿಯುತ್ತಿತ್ತು.

ಕುದುರೆ ಅವಳು ಕೇಳಿದ್ದಲ್ಲ. ಮಗಳು ಪ್ರಾರ್ಥನಾ ಕೂಡ ಕೇಳಿರಲಿಲ್ಲ. ಹದಿಮೂರರ ಹುಡುಗಿ, ನಾಯಿಮರಿ ಕೇಳಿದ್ದಳು. ಗಂಡ ಇಂದ್ರೇಶ್ ಇದೇ ನಗರದ ಡಾಕ್‌ಲ್ಯಾಂಡ್ಸ್ ಬಡಾವಣೆಯ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವನು. 2004ರಲ್ಲಿ ಅವನನ್ನು ಒಂದು ಪ್ರಾಜೆಕ್ಟಿಗೆಂದು ಸಿಡ್ನಿಯ ನಾರ್ವೆಸ್ಟ್ ಆಫೀಸಿಗೆ ಹಾಕಿದರು. ಸೋಮವಾರ ಬೆಳಗ್ಗೆ ವಿಮಾನ ಹತ್ತಿದರೆ ಕ್ರೇಗಿಬರ್ನ್‌ನ ಮನೆಗೆ ಬರುತ್ತಿದ್ದದ್ದು ಶುಕ್ರವಾರ ಸಂಜೆ. ನಾರ್ವೆಸ್ಟ್‌ನ ಮ್ಯಾನೇಜರ್ ಮಗಳಿಗೆ ಕುದುರೆ ಇತ್ತು, ಬಾರ್ಬಿಕ್ಯೂಗಳಲ್ಲೆಲ್ಲ ಅದೇ ಮಾತು. ಮೂರನೆಯ ಬಾರ್ಬಿಕ್ಯೂ ಹೊತ್ತಿಗೆ ಇಂದ್ರೇಶನಿಗೂ ಒಂದು ಕುದುರೆ ಇರಲೇಬೇಕಾಯಿತು. ರೇಸು ಬಿಟ್ಟ ಕಂದು ಕುದುರೆಯೊಂದು ಅಗ್ಗಕ್ಕೆ ಸಿಕ್ಕಿತು, ಹೆಸರು ಡಸ್ಟಿ. ಕೊಂಡ ದಿನ ಅವನು ಸಿಡ್ನಿಯಲ್ಲಿದ್ದದ್ದರಿಂದ ಮಾಲೀಕಳೆಂದು ಸಹಿ ಹಾಕಿದವಳು ಕೃಪಾ. ಊರಾಚೆಯ ಮಿಕ್ಲಮ್ ರಸ್ತೆಯಲ್ಲಿ ಲೊರೇನ್ ಎಂಬ ಹೆಂಗಸಿನ ಹುಲ್ಲುಗಾವಲಿತ್ತು. ಇಲ್ಲಿಯವರು ಪ್ಯಾಡಕ್ ಅನ್ನುತ್ತಾರೆ. ಅಲ್ಲಿ ಬಾಡಿಗೆಗೆ ಬಿಟ್ಟರು.

ಜನವರಿಯಲ್ಲಿ ಅತ್ತೆ ಮಾವ ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿಳಿದರು. ಅತ್ತೆ ಚಿನ್ನಮ್ಮನವರದು ಒಂದು ನೇಮ. ಮಕ್ಕಳಿರುವ ಮನೆಗೆ, ಬಾಣಂತಿಯ ಹತ್ತಿರಕ್ಕೆ, ಹಸುವಿನ ಮುಂದಕ್ಕೆ ಯಾರೂ ಬರಿಗೈಲಿ ಹೋಗಬಾರದು. ಕುದುರೆ ನೋಡಲು ಹೊರಟ ಮೊದಲ ಶನಿವಾರವೇ, ಬ್ರನ್ಸ್‌ವಿಕ್‌ನ ಇಂಡಿಯನ್ ಅಂಗಡಿಯಿಂದ ತರಿಸಿದ್ದ ಅಚ್ಚುಬೆಲ್ಲ ಕುಟ್ಟಿ ಎಲ್ಲರ ಜೇಬಿಗೂ ಒಂದೊಂದು ಪೊಟ್ಟಣ ತುರುಕಿದರು.

"ಮೂಕಪ್ರಾಣಿ ಕಣೆ. ಹೋದೋರ ಕೈ ನೋಡತ್ತೆ."

ಮೊದಲ ವಾರ ಡಸ್ಟಿ ಅಂಗೈಮೇಲಿನ ಬೆಲ್ಲವನ್ನು ತುಟಿಯಲ್ಲೇ ತೆಗೆದುಕೊಂಡಿತು. ಇಂದ್ರೇಶ್ ಫೋಟೊ ಹೊಡೆದು ನಾರ್ವೆಸ್ಟಿನವರಿಗೆಲ್ಲ ಕಳಿಸಿದ. ಎರಡನೆಯ ವಾರ ಅದೇ ಜೇಬು ಹುಡುಕಿತು. ಎಲ್ಲರೂ ನಕ್ಕರು. ಮೂರನೆಯ ವಾರ ತಲೆಯಿಂದ ತಳ್ಳಿತು. ಹೆದರಿ ಹಿಂದೆ ಸರಿದು ಇನ್ನೊಂದು ಚೂರು ಕೊಟ್ಟರು. ಫೆಬ್ರವರಿ ಮುಗಿಯುವುದರೊಳಗೆ ಪ್ರಾರ್ಥನಾಳನ್ನು ಗೇಟಿಗೆ ಒತ್ತಿ ನೀರಿನ ತೊಟ್ಟಿಯ ಕೆಸರಿನಲ್ಲಿ ಬೀಳಿಸಿತು. ಕುದುರೆಗೆ ತಲೆ ಕೆಟ್ಟಿದೆ ಎಂದು ಇಂದ್ರೇಶ್ ತೀರ್ಪು ಕೊಟ್ಟ.

ಮಾವ ಸಿದ್ದಲಿಂಗಪ್ಪನವರು ಮಾತ್ರ ಒಂದು ಸಲವೂ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿಕೊಂಡು ಕೂತೇ ನೋಡುತ್ತಿದ್ದರು. ಇಳಿಯಬಾರದೆಂದು ಮಗನ ಆಜ್ಞೆಯಾಗಿತ್ತು. ವಿಷಯ ಏನೆಂದರೆ, ಅವರು ಕುದುರೆ ಪೊಲೀಸರ ಲಾಯದಲ್ಲಿ ಮೂವತ್ತೆರಡು ವರ್ಷ ದುಡಿದವರು. ಲದ್ದಿ ಎತ್ತುವ ಆಳಾಗಿ ಸೇರಿ, ಹೊಸ ಪೇದೆಗಳಿಗೆ ಸವಾರಿ ಕಲಿಸುವ ಮೇಷ್ಟರಾಗಿ ನಿವೃತ್ತರಾದವರು. ಇಂದ್ರೇಶ್ ಚಿಕ್ಕವನಿದ್ದಾಗ ಅಪ್ಪ ಸ್ಕೂಲಿಗೆ ಬಂದರೆ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಅದಕ್ಕೇ ಇಲ್ಲಿ ಯಾರು ಕೇಳಿದರೂ "ಅಪ್ಪ ಪೊಲೀಸ್ ಡಿಪಾರ್ಟ್‌ಮೆಂಟ್‌ನಲ್ಲಿದ್ರು" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ. ಕುದುರೆ ಇಟ್ಟುಕೊಂಡರೆ ಮರ್ಯಾದೆ, ಕುದುರೆ ತೊಳೆದರೆ ಮಾನ ಹೋಗುತ್ತದೆ. ಇದು ಗಂಡನ ನ್ಯಾಯ, ಕೃಪಾಳಿಗೆ ಅದನ್ನು ನೆನೆದರೇ ಹೇಸಿಗೆ.

ಮ್ಯಾನೇಜರ್ ಹೇಳಿದ ಸಿಡ್ನಿಯ ಟ್ರೈನರ್ ಒಬ್ಬನ ಹತ್ತಿರ ಡಸ್ಟಿಯನ್ನು ಆರು ವಾರ ಬಿಡುವುದೆಂದಾಯಿತು.

"ನಾವೂ ಏನಾದ್ರೂ ಕಲೀಬೇಕೇನೋ," ಎಂದಿದ್ದಳು ಕೃಪಾ.

"ಕಾರು ಸರ್ವಿಸ್‌ಗೆ ಬಿಟ್ಟು ನಾವೇ ಹೋಗಿ ಅದರ ಕೆಳಗೆ ಮಲಗ್ತೀವಾ?" ಅಂದ ಇಂದ್ರೇಶ್. "ದುಡ್ಡು ಕೊಡ್ತಿಲ್ವಾ? ಅವನು ಸರಿ ಮಾಡಿ ಕಳಿಸ್ತಾನೆ."

ಏಪ್ರಿಲ್ ಮೊದಲ ವಾರ ಡಸ್ಟಿ ವಾಪಸು ಬಂತು, ಹೊಸ ಅಳಿಯನ ಹಾಗೆ ನಯವಾಗಿ. ನಿಲ್ಲು ಎಂದಲ್ಲಿ ನಿಂತಿತು, ಬಾ ಎಂದರೆ ಬಂತು. ಅತ್ತೆ ಖುಷಿಗೆ ಅವತ್ತು ಎರಡು ಪಾಲು ಬೆಲ್ಲ ಕಟ್ಟಿಕೊಟ್ಟರು. ಆ ನಯವೆಲ್ಲ ಮೂರೇ ವಾರ. ಕೃಪಾ ತೊಟ್ಟಿ ತೊಳೆಯಲು ಬಗ್ಗಿದ್ದಾಗ ಅದು ಅವಳ ಪ್ಯಾಂಟಿನ ಹಿಂಜೇಬಿಗೇ ಬಾಯಿ ಹಾಕಿತ್ತು.

ಅವತ್ತು ರಾತ್ರಿಯ ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕೃಪಾ ಒಂದು ಪಕ್ಕಕ್ಕೆ ವಾಲಿಕೊಂಡು ಕೂತಳು.

"ಸಾಕು ಇದರ ಸಹವಾಸ," ಅಂದ ಇಂದ್ರೇಶ್. "ಮೇ ತಿಂಗಳ ಮೂರನೇ ಭಾನುವಾರ ಕುದುರೆ ಸೇಲ್ ಇದೆಯಂತೆ. ಹಾಕಿ ಕೈ ತೊಳ್ಕೊಳ್ಳೋಣ."

"ಡ್ಯಾಡ್, ನೋ," ಅಂದಳು ಪ್ರಾರ್ಥನಾ.

"ನಿನ್ನ ಅಮ್ಮನ್ನ ಕಚ್ಚಿದೆ ಅದು."

"ಐ ನೋ. ಬಟ್ ಹೀಸ್ ಮೈನ್."

"ರೊಟ್ಟಿ ತಣ್ಣಗಾಗಿದೆ," ಎಂದು ಇಂದ್ರೇಶ್ ತಟ್ಟೆ ತಳ್ಳಿದ, ದನಿ ಏರಿಸಿದ. "ಒಂದು ಬಿಸಿ ರೊಟ್ಟಿ ಕೊಡೋಕೆ ಈ ಮನೇಲಿ ಯಾರಿಗೂ ಆಗಲ್ವಾ?"

ಚಿನ್ನಮ್ಮ ಕೈಯ ತುತ್ತು ಬಿಟ್ಟು ಎದ್ದರು. ಕೃಪಾ ನೋವಿನಲ್ಲೇ ಎದ್ದು ಒಲೆ ಹಚ್ಚಿದಳು. ಪ್ರಾರ್ಥನಾ ತಟ್ಟೆ ಬಿಟ್ಟು ರೂಮಿಗೆ ಹೋದಳು. ಸಿದ್ದಲಿಂಗಪ್ಪನವರು ತಟ್ಟೆ ನೋಡುತ್ತಾ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಬಿಸಿ ರೊಟ್ಟಿಯ ಮೇಲೆ ಒಂದು ಚಮಚ ಹೆಚ್ಚಿಗೆ ತುಪ್ಪ ಬಿತ್ತು.

ಮಂಗಳವಾರ ಕೆಲಸ ಮುಗಿಸಿ ಪ್ಯಾಡಕ್‌ಗೆ ಹೋದಾಗ ಲೊರೇನ್ ಸೇಲಿನ ವಿಷಯ ಕೇಳಿ ಸಿಗರೇಟು ಕೆಳಗೆ ಹಾಕಿ ತುಳಿದಳು. ಕಚ್ಚುವ ಕುದುರೆಯನ್ನು ಅಲ್ಲಿ ಒಂದೇ ಥರದ ಜನ ಕೊಳ್ಳುವುದು, ಕಡಿದು ನಾಯಿಗೆ ಹಾಕುವ ಮಾಂಸದ ಡಬ್ಬಿ ತುಂಬುವವರು ಎಂದು ಬಿಡಿಸಿ ಹೇಳಿದಳು. ಆಮೇಲೆ ತನ್ನ ಗಾಡಿಯಿಂದ ಒಂದು ಕವರ್ ತಂದುಕೊಟ್ಟಳು. ಡಸ್ಟಿಯನ್ನು ಇಳಿಸಿದ ಡ್ರೈವರ್ ಬಿಟ್ಟು ಹೋದದ್ದು, ಕೊಡಲು ಮರೆತಿದ್ದಳು.

ಕವರಿನಲ್ಲಿ ಟ್ರೈನರ್ ಬರೆದ ಕಾಗದ. ಕೊನೆಯ ಎರಡು ವಾರ ಮಾಲೀಕರು ಬಂದು ಕಲಿಯಲೆಂದೇ ಇಟ್ಟದ್ದು, ಕೊಟ್ಟ ಹಣದಲ್ಲೇ ಅದೂ ಸೇರಿದೆ. ಮೂರು ಸಲ ನಿಮ್ಮ ಗಂಡನಿಗೆ ಫೋನ್ ಮಾಡಿದೆ. ಬರುತ್ತೇನೆ ಎಂದರು, ಬರಲಿಲ್ಲ. ಕುದುರೆಗೆ ಹೇಳಿಕೊಡುವುದನ್ನು ನಾನು ಹೇಳಿಕೊಟ್ಟಿದ್ದೇನೆ. ನೀವು ಕಲಿಯದಿದ್ದರೆ ತಿಂಗಳೊಳಗೆ ಅದು ಮೊದಲಿನಂತಾಗುತ್ತದೆ. ಇಷ್ಟೇ ಇದ್ದದ್ದು.

ಕೃಪಾ ಅಲ್ಲೇ ನಿಂತು ಇಂದ್ರೇಶನಿಗೆ ಫೋನ್ ಮಾಡಿದಳು.

"ಟ್ರೈನರ್ ನಿಮ್ಮನ್ನ ಕರೆದಿದ್ನಂತೆ."

"ಹೌದು, ಕರೆದಿದ್ದ."

"ಆಫೀಸಿಂದ ಎಷ್ಟು ದೂರ?"

"ನಲವತ್ತು ನಿಮಿಷ. ಅಲ್ಲಿ ಹೋಗಿ ಲದ್ದಿ ತುಳ್ಕೊಂಡು ನಿಂತ್ಕೋಬೇಕಿತ್ತಾ? ಮೀಟಿಂಗ್‌ನಲ್ಲಿದೀನಿ, ಇಡು."

ಕೃಪಾ ಫೋನನ್ನು ಜೇಬಿಗೆ ತುರುಕಿದಳು. ನಲವತ್ತು ನಿಮಿಷದ ದಾರಿಗೆ ಒಂದು ಜೀವ ಡಬ್ಬಿ ಸೇರಬೇಕಾಗಿ ಬಂದಿದೆ, ಇವನ ಶೂ ಮಾತ್ರ ಕೊಳೆಯಾಗಬಾರದು. ಈ ಮನುಷ್ಯನ ಜೊತೆ ಹದಿನೈದು ವರ್ಷ ಒಂದೇ ತಟ್ಟೆ ಸ್ಟ್ಯಾಂಡಿನಿಂದ ತಟ್ಟೆ ತೆಗೆದು ಉಂಡಿದ್ದೇನಲ್ಲ ಎಂದು ಅಸಹ್ಯವಾಯಿತು.

ಮನೆಗೆ ಬಂದವಳು ಮಾವನ ಮುಂದೆ ಕಾಗದ ಇಟ್ಟು, ಓದಿ ಅರ್ಥ ಹೇಳಿದಳು. ಸಿದ್ದಲಿಂಗಪ್ಪನವರು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಕೇಳಿಸಿಕೊಂಡರು.

"ಒಳ್ಳೆ ಮನುಷ್ಯ. ಸರಿಯಾಗೇ ಬರ್ದವನೆ."

"ಮಾವ, ನೀವು ಮೊದಲ ದಿನಾನೇ ನೋಡಿದ್ರಿ ಅಲ್ವಾ, ಎಲ್ಲಿ ತಪ್ಪಾಗ್ತಿದೆ ಅಂತ?"

"ನೋಡ್ದೆ ಕಣಮ್ಮ."

"ಮತ್ಯಾಕೆ ಹೇಳಲಿಲ್ಲ?"

"ಮಗ ಮಾತಾಡ್ಬೇಡಿ ಅಂದಿದ್ದ." ಒಂದು ಹುಳುಕು ಕಾಯಿ ಎತ್ತಿ ಪಕ್ಕಕ್ಕಿಟ್ಟರು. "ಅವನ ಮನೇಲಿ ಉಣ್ತಾ ಇದೀನಿ. ಸುಮ್ನಿದ್ದೆ. ಹೇಳ್ಕೊಳ್ಳೋಕೂ ನಾಚ್ಕೆ ಆಗತ್ತೆ."

"ಇನ್ನು ಮೂರು ವಾರ ಇದೆ. ನೀವು ಅದನ್ನ ಸರಿ ಮಾಡಿ ಕೊಡಿ."

"ಇಲ್ಲ," ಅಂದರು ಮುದುಕರು. "ನಾನು ಮುಟ್ಟಲ್ಲ. ನಾನು ತಿದ್ದಿದ್ರೆ ನನ್ನ ಮಾತು ಕೇಳತ್ತೆ, ಜೂನ್‌ಗೆ ನಾನು ಊರಿಗೆ ಹೋಗ್ತೀನಿ, ಮತ್ತೆ ಇದೇ ಕತೆ. ಹಗ್ಗ ಹಿಡಿಯೋಳು ನೀನು, ಆ ಮಗು. ನಾನು ಬೇಲಿ ಆಚೆ ನಿಂತು ಹೇಳ್ತೀನಿ. ಆಗತ್ತಾ?"

"ಆಗತ್ತೆ."

"ಹಂಗಾದ್ರೆ ಮೊದಲು ನಿಮ್ಮತ್ತೆ ಕೈಯಿಂದ ಆ ಬೆಲ್ಲದ ಡಬ್ಬ ಕಿತ್ಕೋ."

ಚಿನ್ನಮ್ಮ ಕುಣಿದಾಡಿಬಿಟ್ಟರು. "ಮೂಕಪ್ರಾಣಿ ಬಾಯಿಗೆ ಮಣ್ಣು ಹಾಕ್ತೀರಾ? ಮೂವತ್ತೆರಡು ವರ್ಷ ನಿಮ್ಮ ಖಾಕಿ ಬಟ್ಟೆ ಒಗೆದೂ ಒಗೆದೂ ನನ್ನ ಮೂಗು ಸತ್ತೋಗದೆ. ಇಲ್ಲೂ ಬಂದು ಅದೇ ನಾತಾನಾ?" ಎಂದು ಎರಡು ದಿನ ಮಾತು ಬಿಟ್ಟರು. ಆದರೆ ಡಬ್ಬ ಅಲಮಾರದ ಮೇಲಿನ ಅರೆಗೆ ಹೋಯಿತು, ಅವರ ಕೈಗೆ ಅದು ಎಟುಕುತ್ತಿರಲಿಲ್ಲ.

ಮೊದಲ ಪಾಠ ಬುಧವಾರ, ಪ್ರಾರ್ಥನಾ ಸ್ಕೂಲಿನಿಂದ ಬಂದ ಮೇಲೆ. ಮಾವ ಇಂದ್ರೇಶನ ಹಳೇ ಜಾಕೆಟ್ಟು ತೊಟ್ಟು ಬೇಲಿಗೆ ಒರಗಿ ನಿಂತರು. ಕೃಪಾ ಡಸ್ಟಿಯ ತಲೆಪಟ್ಟಿಗೆ ಹಗ್ಗ ಸಿಕ್ಕಿಸಿದಳು. ಅದು ನೇರ ಮೈಮೇಲೆ ಬಂದು ಜೇಬಿಗೆ ಮೂತಿ ಹಾಕಿತು. ಅವಳು ಹಿಂದೆ ಸರಿದಳು.

"ಸೋತೆ," ಅಂದರು ಮಾವ. "ಇಬ್ರಲ್ಲಿ ಯಾರು ಮೊದಲು ಕಾಲು ಕೀಳ್ತಾರೋ ಅವರು ಸೋತಂಗೆ. ನಿಂತ ಜಾಗದಲ್ಲೇ ನಿಂತ್ಕೋ, ಹಗ್ಗ ಅಲ್ಲಾಡಿಸ್ತಾ ಇರು."

"ಕಾಲ ಹತ್ರ ಲದ್ದಿ ಇದೆ ಮಾವ."

"ಇರ್ಲಿ. ತುಳಿ."

ತುಳಿದಳು. ಬೆಚ್ಚಗೆ ಶೂ ಮೇಲೆ ಹತ್ತಿತು, ವಾಕರಿಕೆ ಬಂತು. ಹಲ್ಲು ಕಚ್ಚಿಕೊಂಡು ಹಗ್ಗ ಅಲ್ಲಾಡಿಸಿದಳು. ಡಸ್ಟಿ ಕಿವಿ ಹಿಂದೆ ಮಾಡಿತು, ತಲೆ ಒದರಿತು, ತಳ್ಳಲು ನೋಡಿತು. ಎಷ್ಟೋ ಹೊತ್ತಿನ ಮೇಲೆ ಮುಂಗಾಲು ಎತ್ತಿ ಒಂದೇ ಒಂದು ಹೆಜ್ಜೆ ಹಿಂದೆ ಇಟ್ಟಿತು.

"ಬಿಡು," ಅಂದರು ಮಾವ. "ಸಡಿಲ ಬಿಡು. ತಡ ಮಾಡ್ದೆ ನೀನು, ನೋಡು, ಮತ್ತೆ ಬಂತು. ಎಳೆಯೋದು ಎಲ್ಲರಿಗೂ ಬರತ್ತೆ ಕಣಮ್ಮ. ಬಿಡೋದು ಕಲೀಬೇಕು. ಅದು ಹೆಜ್ಜೆ ಹಿಂದಿಟ್ಟ ಆ ಗಳಿಗೇಲೇ ನಿನ್ನ ಕೈ ಸುಮ್ಮನಾಗ್ಬೇಕು. ಅದಕ್ಕೆ ಅದೇ ಬಹುಮಾನ. ಬೆಲ್ಲ ಅಲ್ಲ, ಶಾಭಾಸ್ ಅಲ್ಲ."

"ಮೊದ್ಲು ಎಲ್ಲಾ ಕೊಟ್ವಲ್ಲ, ಅದು ಕೋಪ ಮಾಡ್ಕೊಳಲ್ವಾ ತಾತ?" ಎಂದಳು ಪ್ರಾರ್ಥನಾ. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದ್ದಳು.

"ಮಾಡ್ಕೊಳತ್ತೆ. ಮೊದಲಿಗಿಂತ ಜೋರು ಮಾಡತ್ತೆ. ತಳ್ಳಿದಾಗೆಲ್ಲ ನೀವು ಹೆದರಿ ಬಾಯಿಗೆ ಸಿಹಿ ಇಟ್ರಿ. ಅದು ಕೆಟ್ಟ ಕುದುರೆ ಅಲ್ಲ ಮಗ. ಜಾಣ ಕುದುರೆ. ನೀವು ಕಲಿಸಿದ್ದನ್ನ ಚೆನ್ನಾಗಿ ಕಲೀತು."

ವಾರದ ನಾಲ್ಕು ದಿನ ಪಾಠ. ಇಂದ್ರೇಶ್ ಬರುವ ಶುಕ್ರವಾರ ಮಧ್ಯಾಹ್ನ ಶೂಗಳನ್ನೆಲ್ಲ ತೊಳೆದು ಗ್ಯಾರೇಜಿನಲ್ಲಿ ಬಚ್ಚಿಡುವುದು. ಎರಡನೆಯ ವಾರ ಪ್ರಾರ್ಥನಾ ಹಗ್ಗ ಹಿಡಿದಳು. ತಾಯಿಗಿಂತ ಚೆನ್ನಾಗಿ ಬಿಡುತ್ತಿದ್ದಳು. ಮೂರನೆಯ ವಾರದಲ್ಲಿ ಡಸ್ಟಿ, ಅವಳು ಗೇಟು ತೆಗೆದರೆ ತಾನೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿತ್ತು. ಕೃಪಾ ಬೇಕೆಂದೇ ಬೆನ್ನು ತಿರುಗಿಸಿ ತೊಟ್ಟಿಗೆ ಬಗ್ಗಿದಳು. ಜೀವ ಕೈಯಲ್ಲಿ ಹಿಡಿದುಕೊಂಡು ತೊಳೆದಳು. ಹಿಂದೆ ಉಸಿರಿನ ಸದ್ದು ಬಿಟ್ಟರೆ ಏನೂ ಆಗಲಿಲ್ಲ.

ಕೆಟ್ಟದ್ದಾದದ್ದು ಮನೆಯಲ್ಲಿ. ಬೇಡವೆಂದರೂ ಅವಳ ಕಣ್ಣು ಎಲ್ಲರ ಕಾಲುಗಳ ಮೇಲೇ ಹೋಗುತ್ತಿತ್ತು. ಶುಕ್ರವಾರ ಇಂದ್ರೇಶ್ ಬಾಗಿಲು ತೆಗೆದರೆ ಪ್ರಾರ್ಥನಾ ಸೋಫಾ ಬಿಟ್ಟು ರೂಮಿಗೆ. ಮಾವ ಟೀವಿ ಮುಂದಿನಿಂದ ಹಿತ್ತಲಿಗೆ. ಅತ್ತೆ ಅಡಿಗೆಮನೆಗೆ, ಕೋಡುಬಳೆ ಡಬ್ಬಕ್ಕೆ. ಅವನು ದನಿ ಏರಿಸಿದರೆ ಕಾಫಿ ಬರುತ್ತಿತ್ತು, ತಟ್ಟೆ ತಳ್ಳಿದರೆ ತುಪ್ಪ ಬರುತ್ತಿತ್ತು. ಹದಿನೈದು ವರ್ಷ ಅವಳೇ ಓಡಿ ಓಡಿ ತಂದುಕೊಟ್ಟದ್ದು. ಗಂಡನ ಮೇಲೆ ಬಂದಿದ್ದ ಹೇಸಿಗೆಯಲ್ಲಿ ಅರ್ಧ ಈಗ ಅವಳ ಮೇಲೇ ತಿರುಗಿತು.

ಸೇಲಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಇಂದ್ರೇಶ್ ಹಾಲ್‌ನಿಂದ ಒಂದು ಫಾರಮ್ಮು ತಂದು ಕೃಪಾಳ ತಟ್ಟೆ ಪಕ್ಕ ಇಟ್ಟ.

"ಇಲ್ಲೊಂದು ಸಹಿ ಹಾಕು. ನಾಳೆ ಏಳಕ್ಕೆ ಟ್ರಕ್ ಬರತ್ತೆ."

"ಡ್ಯಾಡ್, ಹೀ ಡಸಂಟ್ ಬೈಟ್ ಎನಿಮೋರ್," ಅಂದಳು ಪ್ರಾರ್ಥನಾ. "ನಾನು ತಾತನ ಹತ್ರ ಕಲ್ತೆ. ಮಮ್ ಕೂಡ."

ಇಂದ್ರೇಶ್ ಅಪ್ಪನ ಕಡೆ ತಿರುಗಿದ. "ಕಲ್ತೆ ಅಂದ್ರೆ? ನೀವು ಅಲ್ಲಿಗೆ ಹೋಗಿದ್ರಾ?"

"ಹೋಗಿದ್ದೆ," ಅಂದರು ಸಿದ್ದಲಿಂಗಪ್ಪನವರು.

"ನನ್ನ ಜಾಕೆಟ್ ಹಾಕ್ಕೊಂಡು, ಆ ಬಿಳಿ ಹೆಂಗಸಿನ ಮುಂದೆ, ಲದ್ದಿ ಎತ್ಕೊಂಡು?"

"ಎತ್ತಿದೆ. ಅದೇ ಲದ್ದಿಲೇ ನಿನ್ನ ಇಂಜಿನಿಯರಿಂಗ್ ಓದಿಸ್ದೆ."

"ಅದನ್ನ ಎಷ್ಟು ಸಲ ಕೇಳ್ಬೇಕು ನಾನು? ಆ ನಾತ ಬಿಟ್ಟು ಬರೋಕೆ ಇಷ್ಟು ದೂರ ಬಂದೆ, ಇಲ್ಲಿಗೂ ತಂದ್ರಿ." ಅವನ ದನಿ ಏರಿತು. "ಕೃಪಾ, ಸಹಿ ಹಾಕು."

"ಹಾಕಲ್ಲ," ಅಂದಳು ಕೃಪಾ.

"ಏನಂದೆ?"

"ಕುದುರೆ ನನ್ನ ಹೆಸರಲ್ಲಿದೆ. ಮಾರಲ್ಲ. ನಲವತ್ತು ನಿಮಿಷ ಹೋಗೋಕಾಗ್ದೆ ನೀವು ಬಿಟ್ಟಿದ್ದನ್ನ ನಾವು ಮೂರು ಜನ ಮಾಡಿದೀವಿ. ನನಗೆ ನಿಮ್ಮನ್ನ ನೋಡಿದ್ರೆ ಅಸಹ್ಯ ಆಗತ್ತೆ ರೀ. ಕುದುರೆ ಬೇಕು, ಲದ್ದಿ ಬೇಡ. ಅಪ್ಪನ ಸಂಬಳ ಬೇಕು, ಅಪ್ಪ ಬೇಡ."

ಇಂದ್ರೇಶ್ ತಟ್ಟೆಯನ್ನು ಜೋರಾಗಿ ತಳ್ಳಿದ. ಬಟ್ಟಲು ಉರುಳಿ ಬಸ್ಸಾರು ಮೇಜಿನಿಂದ ನೆಲಕ್ಕೆ ಹರಿಯಿತು. ಅವನು ಕುರ್ಚಿ ಹಿಂದೆ ನೂಕಿ ಎದ್ದು ನಿಂತ. ಮೂರು ವಾರದ ಹಿಂದಾಗಿದ್ದರೆ ಕೃಪಾ ಅಷ್ಟು ಹೊತ್ತಿಗೆ ಒರೆಸುವ ಬಟ್ಟೆ ಹಿಡಿದು ಬಗ್ಗಿರುತ್ತಿದ್ದಳು. ಅವಳು ಮೇಜಿನ ಕೆಳಗೆ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಳು.

"ಅಯ್ಯೋ, ಉಣ್ಣೋ ಹೊತ್ತಲ್ಲಿ ಯಾಕಪ್ಪ," ಎಂದು ಚಿನ್ನಮ್ಮ ಎದ್ದರು. "ಇರು ಕಂದ, ತುಪ್ಪ ತರ್ತೀನಿ. ನಿನಗೇ ಅಂತ ಒಬ್ಬಟ್ಟು ಎತ್ತಿಟ್ಟಿದೀನಿ."

"ಚಿನ್ನಮ್ಮ," ಅಂದರು ಸಿದ್ದಲಿಂಗಪ್ಪನವರು. ದನಿ ದೊಡ್ಡದೇನೂ ಇರಲಿಲ್ಲ. "ಬೆಲ್ಲ ಕೊಡಬೇಡ. ಕೂತ್ಕೋ."

ಚಿನ್ನಮ್ಮ ಅಡಿಗೆಮನೆಯ ಹೊಸಿಲ ಹತ್ತಿರ ನಿಂತುಬಿಟ್ಟರು. ಗಂಡನನ್ನು ನೋಡಿದರು, ಮಗನನ್ನು ನೋಡಿದರು. ತಿರುಗಿ ಬಂದು ಕೂತರು. ಪ್ರಾರ್ಥನಾ ರೂಮಿಗೆ ಹೋಗಲಿಲ್ಲ. ಮಾವ ಕುರ್ಚಿ ಸರಿಸಲಿಲ್ಲ.

ಇಂದ್ರೇಶ್ ಇನ್ನೂ ಜೋರು ಮಾಡಿದ. ಯಾರ ಮನೆ ಇದು, ಮಾರ್ಟ್‌ಗೇಜ್ ಯಾರು ಕಟ್ಟುತ್ತಿರುವುದು, ವಾರವೆಲ್ಲ ಹೋಟೆಲಿನಲ್ಲಿ ಬಿದ್ದಿರುವುದು ಯಾರಿಗಾಗಿ, ಎಲ್ಲ ಆಯಿತು. ಯಾರೂ ಜಾಗ ಬಿಟ್ಟು ಏಳಲಿಲ್ಲ. ಕಡೆಗೆ ಅವನು ಹೊರಗೆ ಹೋಗಿ ಕಾರಿನಲ್ಲಿ ಕೂತ. ಎಂಜಿನ್ ಸದ್ದು ಕೇಳಿಸಲಿಲ್ಲ. ಇವರು ನಾಲ್ವರೂ ಮುದ್ದೆ ಮುಗಿಸಿದರು. ನೆಲದ ಮೇಲಿನ ಸಾರು ಹಾಗೇ ಇತ್ತು, ಅದರ ಅಂಚು ಒಣಗತೊಡಗಿತ್ತು.

ಅರ್ಧ ಗಂಟೆಯ ಮೇಲೆ ಬಾಗಿಲ ಸದ್ದಾಯಿತು. ಇಂದ್ರೇಶ್ ಬಂದು ನೆಲ ನೋಡಿದ. ಹೆಂಡತಿಯನ್ನು ನೋಡಿದ. ಆಮೇಲೆ ಕಿಚನ್ ಪೇಪರ್ ಹರಿದುಕೊಂಡು, ಮಂಡಿ ಊರಿ, ಮುಖ ಸಿಂಡರಿಸಿಕೊಂಡು ಒರೆಸಿದ. ಅಭ್ಯಾಸವಿಲ್ಲದ ಕೈ, ಅರ್ಧ ಒರೆಸಿದ, ಅರ್ಧ ಬಳಿದ.

ಸಿದ್ದಲಿಂಗಪ್ಪನವರು ಸೊಸೆಯ ಕಡೆ ನೋಡಿದರು. ಕೃಪಾಳಿಗೆ ಅರ್ಥವಾಯಿತು. ಹೇಸಿಗೆ ಇನ್ನೂ ಹೋಗಿರಲಿಲ್ಲ, ಹೇಳಬೇಕಾದ್ದು ಇನ್ನೂ ನೂರಿತ್ತು, ಆದರೆ ಈಗ ಸಡಿಲ ಬಿಡಲು ತಡ ಮಾಡುವ ಹಾಗಿರಲಿಲ್ಲ. ಫಾರಮ್ಮನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದಳು. ಒಂದು ತಟ್ಟೆ ತೊಳೆದು ಮೇಜಿನ ಮೇಲಿಟ್ಟಳು.

"ಮುದ್ದೆ ಪಾತ್ರೇಲಿದೆ. ಹಾಕ್ಕೊಂಡು ಊಟ ಮಾಡಿ," ಅಂದಳು.

ಅವನು ತಾನೇ ಹಾಕಿಕೊಂಡ. ತಣ್ಣಗಾಗಿತ್ತು. ಹಾಗೇ ಉಣ್ಣತೊಡಗಿದ. ಎರಡು ತುತ್ತಾದ ಮೇಲೆ ತಲೆ ಎತ್ತದೆ ಕೇಳಿದ.

"ಈಗ ಆ ಟ್ರಕ್‌ನೋರಿಗೆ ಏನು ಹೇಳ್ಲಿ?"

"ಬೇಡ ಅನ್ನಿ. ನಾಳೆ ಎಂಟಕ್ಕೆ ನೀವೂ ನಮ್ಮ ಜೊತೆ ಪ್ಯಾಡಕ್‌ಗೆ ಬರ್ತಿದೀರಿ. ಹಳೇ ಶೂ ಹಾಕ್ಕೊಳ್ಳಿ."

ಚಿನ್ನಮ್ಮ ಅಭ್ಯಾಸಬಲದಿಂದ ಅಲಮಾರದ ಮೇಲಿನ ಅರೆಯತ್ತ ಕಣ್ಣು ಹಾಯಿಸಿದರು. ಕೃಪಾ ಅದನ್ನೂ ನೋಡಿದಳು.

"ಬರಿಗೈಲಿ ಬನ್ನಿ," ಅಂದಳು.